ಅರಸರು ಅಳಿದರು, ಗುರುಗಳು ಉಳಿದರೆ?

ಶಿಕ್ಷಕರ ದಿನಾಚರಣೆಯ ವೇದಿಕೆಗಳಲ್ಲಿ ಪ್ರತಿವರ್ಷ ಕೇಳಿಬರುವ ಮಾತೊಂದಿದೆ: ಸಾಮ್ರಾಜ್ಯಗಳು ಮಣ್ಣುಪಾಲಾದವು, ಕೋಟೆಗಳು ಕುಸಿದವು, ಗುರುಗಳ ಮಾತು ಮಾತ್ರ ಉಳಿಯಿತು. ಕೇಳಲು ಹಿತವಾದ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಾವು ವಿಚಾರಿಸಲು ಹೋಗುವುದಿಲ್ಲ. ಗುರುವಿನ ಮಾತು ತಾನಾಗಿಯೇ ಉಳಿಯುವುದಾದರೆ ಅದನ್ನು ಉಳಿಸುವ ಹೊಣೆ ಯಾರಿಗೂ ಇರುವುದಿಲ್ಲ. ಹಾರ ಹಾಕಿ, ಕೈಮುಗಿದು, ಮನೆಗೆ ಹೋದರಾಯಿತು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಚರಿತ್ರೆ ಈ ನಂಬಿಕೆಯನ್ನು ಪರೀಕ್ಷಿಸಲು ತಕ್ಕ ನೆಲ. ಇಲ್ಲಿ ಅರಸರೂ ಇದ್ದರು, ಗುರುಗಳೂ ಇದ್ದರು. ಇಬ್ಬರೂ ಬಿಟ್ಟುಹೋದದ್ದು ಇಂದಿಗೂ ಕಣ್ಣಿಗೆ ಕಾಣುವಂತಿದೆ. ಆ ಕುರುಹುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಖಚಿತವಾಗುವುದು ಇಷ್ಟು: ಗುರುವಿನ ಪ್ರಭಾವ ಉಳಿಯುವುದು ಕಲಿತು ಕಲಿಸುವವರು ಇರುವಷ್ಟು ಕಾಲ ಮಾತ್ರ. ಅರಸೊತ್ತಿಗೆಯ ಆಶ್ರಯ ಅದಕ್ಕೆ ನೆರವಾಗಬಹುದು. ಭಕ್ತರ ಪೂಜೆಯೂ ನೆರವಾಗಬಹುದು. ಆದರೆ ಪಾಠದ ಜಾಗವನ್ನು ಇವೆರಡೂ ತುಂಬಲಾರವು.

ಮೊದಲು ಅರಸರ ಲೆಕ್ಕ ನೋಡೋಣ. ಸುಮಾರು ಸಾವಿರ ವರ್ಷ ತುಳುನಾಡನ್ನು ಆಳಿದ ಆಳುಪರ ಹೆಸರು ಇಂದು ಶಾಸನ ಓದುವವರಿಗಷ್ಟೇ ಪರಿಚಿತ. ಅವರ ನಂತರ ವಿಜಯನಗರದ ಮೇಲಾಳ್ವಿಕೆ ಬಂತು. ಅದರಡಿಯಲ್ಲಿ ಮೂಡುಬಿದಿರೆ, ಪುತ್ತಿಗೆಯ ಕಡೆ ಚೌಟರು, ವೇಣೂರಿನಲ್ಲಿ ಅಜಿಲರು, ಬಂಗಾಡಿ ಮತ್ತು ನಂದಾವರದ ಕಡೆ ಬಂಗರು ಆಳಿದರು. ಆಮೇಲೆ ಕೆಳದಿಯ ನಾಯಕರು, ಹೈದರ್, ಟಿಪ್ಪು, ಕೊನೆಗೆ ಕಂಪನಿ ಸರಕಾರ. ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ 1794ರಲ್ಲಿ ಟಿಪ್ಪು ಕಟ್ಟಿಸಿದ ಜಮಾಲಾಬಾದ್ ಕೋಟೆ ಐದೇ ವರ್ಷಗಳಲ್ಲಿ ಇಂಗ್ಲಿಷರ ಕೈಸೇರಿತು. ಇಂದು ಅದು ಚಾರಣಿಗರು ಹತ್ತಿ ಇಳಿಯುವ ಗುಡ್ಡ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಕೆತ್ತನೆಯ ಮರದ ಕಂಬಗಳು ಉಳಿದಿವೆ. ಒಂಬತ್ತು ನಾರಿಯರು ಸೇರಿ ಆನೆಯಾದ, ಐವರು ಸೇರಿ ಕುದುರೆಯಾದ ಶಿಲ್ಪಗಳನ್ನು ಅಲ್ಲಿ ನೋಡಬಹುದು. ಆಳಿದವರ ಆಜ್ಞೆಗಳಲ್ಲಿ ಇಂದು ಯಾವುದೂ ಯಾರನ್ನೂ ಕಟ್ಟಿಹಾಕುವುದಿಲ್ಲ.

ಇಷ್ಟನ್ನು ನೋಡಿ ಗುರುವಿನ ಗೆಲುವನ್ನು ಘೋಷಿಸಿಬಿಡುವುದು ಸುಲಭ. ಅವಸರ ಬೇಡ. ಗುರುಗಳಲ್ಲೂ ಎಲ್ಲರೂ ಉಳಿದಿಲ್ಲ. ಉಳಿದವರೂ ಒಂದೇ ಬಗೆಯಲ್ಲಿ ಉಳಿದಿಲ್ಲ.

ಕರ್ನಾಟಕದ ದೊಡ್ಡ ರಾಜ್ಯಗಳ ಹುಟ್ಟುಕಥೆಗಳಲ್ಲಿ ಒಬ್ಬೊಬ್ಬ ಗುರು ಇದ್ದಾರೆ. ಗಂಗರ ಕಥೆಯಲ್ಲಿ ಸಿಂಹನಂದಿ, ವಿಜಯನಗರದ ಕಥೆಯಲ್ಲಿ ವಿದ್ಯಾರಣ್ಯ. ಹೊಯ್ಸಳರ ಕಥೆಯಲ್ಲಿ ಹುಲಿಯನ್ನು ತೋರಿಸಿ ಸಳನಿಗೆ ಹೊಡೆಯೆಂದ ಸುದತ್ತ ಮುನಿ. ಆ ಘಟನೆ ನಡೆಯಿತೆನ್ನುವ ಅಂಗಡಿ ಬೆಳ್ತಂಗಡಿಯಿಂದ ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಮೂಡಿಗೆರೆ ಸೀಮೆಯಲ್ಲಿದೆ. ಈ ಕಥೆಗಳು ನಡೆದದ್ದೆಷ್ಟು, ಕಟ್ಟಿದ್ದೆಷ್ಟು ಎಂಬ ಚರ್ಚೆ ಇತಿಹಾಸಕಾರರಲ್ಲಿ ಮುಗಿದಿಲ್ಲ. ಅದೇನೇ ಇರಲಿ, ಸಿಂಹಾಸನಕ್ಕೆ ಜನ ಒಪ್ಪುವಂಥ ಮುದ್ರೆ ಬೀಳಬೇಕಾದರೆ ಗುರುವಿನ ಹೆಸರು ಬೇಕಿತ್ತು ಎನ್ನುವುದು ಈ ಕಥೆಗಳಿಂದ ಸ್ಪಷ್ಟವಾಗುತ್ತದೆ. ಸಿಂಹನಂದಿ ಏನು ಕಲಿಸಿದರು? ಸುದತ್ತರ ಪಾಠ ಯಾವುದು? ನಮ್ಮ ಕೈಯಲ್ಲಿ ಉಳಿದಿರುವುದು ಹೆಸರು ಮತ್ತು ದಂತಕಥೆ. ಅರಸರಿಗೆ ಬೇಕಾಗಿದ್ದದ್ದು ಆ ಹೆಸರಾಗಿತ್ತು, ಶಾಸನಗಳು ಅದನ್ನೇ ಉಳಿಸಿಕೊಟ್ಟವು. ಸಿಂಹಾಸನಕ್ಕೆ ಅಲಂಕಾರವಾಗಿ ಉಳಿದ ಗುರು ಗುರುವಾಗಿ ಉಳಿದಿದ್ದಾರೆಂದು ಹೇಳಲು ನನಗೆ ಮನಸ್ಸೊಪ್ಪುವುದಿಲ್ಲ.

ಇದಕ್ಕೆ ಪ್ರತಿಯಾಗಿ ಯಾವ ಅರಸನ ಹೆಸರೂ ಸುಳಿಯದೆ ಶುರುವಾಗುವ ಇನ್ನೊಂದು ಕಥೆಯಿದೆ. ಮೂಡುಬಿದಿರೆಯ ಗುರು ಬಸದಿಯಲ್ಲಿ, ಅಂದರೆ ಸಿದ್ಧಾಂತ ಬಸದಿಯಲ್ಲಿ, ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲ ಗ್ರಂಥಗಳ ಕಥೆ ಅದು. ಜೈನ ಪರಂಪರೆ ಹೇಳುವಂತೆ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಗಿರ್ನಾರಿನ ಚಂದ್ರಗುಹೆಯಲ್ಲಿ ಧರಸೇನರೆಂಬ ಆಚಾರ್ಯರಿದ್ದರು. ಬಾಯಿಂದ ಬಾಯಿಗೆ ಬಂದ ಶ್ರುತಜ್ಞಾನದ ಕೊನೆಯ ತುಣುಕುಗಳು ಅವರ ನೆನಪಿನಲ್ಲಿದ್ದವು. ತಾನು ಸತ್ತರೆ ಅವೂ ಸಾಯುತ್ತವೆ ಎಂಬ ಚಿಂತೆಯಿಂದ ಅವರು ದಕ್ಷಿಣದ ಮುನಿಸಂಘಕ್ಕೆ ಓಲೆ ಕಳಿಸಿದರು. ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಯುವ ಮುನಿಗಳು ಬಂದರು.

ಧರಸೇನರು ಅವರನ್ನು ಪರೀಕ್ಷಿಸಿದ ಬಗೆಯನ್ನು ಮೇಷ್ಟ್ರಾದವರೆಲ್ಲ ಗಮನಿಸಬೇಕು. ಇಬ್ಬರಿಗೂ ಒಂದೊಂದು ಮಂತ್ರ ಕೊಟ್ಟರು. ಒಂದರಲ್ಲಿ ಒಂದಕ್ಷರ ಹೆಚ್ಚು, ಇನ್ನೊಂದರಲ್ಲಿ ಒಂದಕ್ಷರ ಕಡಿಮೆ. ಸಾಧನೆ ಮಾಡಿದಾಗ ಒಬ್ಬನಿಗೆ ಹಲ್ಲು ಹೊರಚಾಚಿದ ದೇವತೆ ಕಂಡಳು, ಇನ್ನೊಬ್ಬನಿಗೆ ಒಕ್ಕಣ್ಣಿನ ದೇವತೆ. ದೇವತೆಗಳು ಹೀಗಿರಲಾರರು, ತಪ್ಪು ಮಂತ್ರದಲ್ಲೇ ಇರಬೇಕೆಂದು ಶಿಷ್ಯರು ಊಹಿಸಿದರು. ಅಕ್ಷರಗಳನ್ನು ತಾವೇ ತಿದ್ದಿಕೊಂಡು ಮತ್ತೆ ಸಾಧನೆಗೆ ಕೂತರು. ಗುರು ಕೊಟ್ಟ ಪಾಠವನ್ನೇ ತಿದ್ದಬಲ್ಲವರು ಎಂದು ಗೊತ್ತಾದ ಮೇಲೆಯೇ ಧರಸೇನರು ಅವರಿಗೆ ವಿದ್ಯೆ ಕೊಟ್ಟರು. ಈ ಕಥೆಯಲ್ಲಿ ಪವಾಡದ ಪಾಲು ಎಷ್ಟೇ ಇರಲಿ, ಆ ಪರಂಪರೆ ತನ್ನ ಗುರುವನ್ನು ಹೇಗೆ ನೆನೆಯಬಯಸಿತು ಎಂಬುದು ಮುಖ್ಯ. ಕೊಟ್ಟದ್ದನ್ನು ಗಿಳಿಪಾಠದಂತೆ ಒಪ್ಪಿಸುವ ಶಿಷ್ಯನಿಂದ ವಿದ್ಯೆ ಉಳಿಯದು ಎಂದು ಅವರು ಕಂಡುಕೊಂಡಿದ್ದರು.

ಕಲಿತಾದ ಮೇಲೆ ಪುಷ್ಪದಂತರು ಬನವಾಸಿ ನಾಡಿಗೆ ಬಂದು ಸೂತ್ರಗಳ ಮೊದಲ ಭಾಗ ರಚಿಸಿದರೆಂದೂ, ಭೂತಬಲಿಗಳು ತಮಿಳು ನಾಡಿನ ಕಡೆ ಹೋಗಿ ಉಳಿದದ್ದನ್ನು ಪೂರೈಸಿದರೆಂದೂ ಪರಂಪರೆ ಹೇಳುತ್ತದೆ. ಅದೇ ಷಟ್ಖಂಡಾಗಮ. ಗ್ರಂಥ ಪೂರ್ತಿಯಾದ ಜ್ಯೇಷ್ಠ ಶುದ್ಧ ಪಂಚಮಿ ಇಂದಿಗೂ ಶ್ರುತಪಂಚಮಿಯ ಹಬ್ಬ.

ಕಥೆಯ ಎರಡನೆಯ ಹಂತ ಕನ್ನಡದ ಸಾಮ್ರಾಜ್ಯದ ನೆರಳಿನಲ್ಲಿ ನಡೆಯಿತು. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ 72,000 ಶ್ಲೋಕ ಪ್ರಮಾಣದ ಧವಲಾ ವ್ಯಾಖ್ಯಾನವನ್ನು 816ರಲ್ಲಿ ಮುಗಿಸಿದರು. ಗುಣಧರರ ಕಸಾಯಪಾಹುಡಕ್ಕೆ ಜಯಧವಲಾ ಬರೆಯತೊಡಗಿ, 20,000 ಶ್ಲೋಕದಷ್ಟು ಆಗುವಾಗ ತೀರಿಕೊಂಡರು. ಶಿಷ್ಯ ಜಿನಸೇನರು ಇನ್ನೂ 40,000 ಶ್ಲೋಕದಷ್ಟು ಬರೆದು 837ರಲ್ಲಿ ಅದನ್ನು ಪೂರೈಸಿದರು. ಆ ಜಿನಸೇನರೇ ಮಹಾಪುರಾಣಕ್ಕೆ ತೊಡಗಿ ಅದನ್ನು ಮುಗಿಸದೆ ತೀರಿಕೊಂಡಾಗ ಅವರ ಶಿಷ್ಯ ಗುಣಭದ್ರರು ಕೈಗೆತ್ತಿಕೊಂಡು ಪೂರೈಸಿದರು. ಗುರುವಿನ ಅರ್ಧಕ್ಕೆ ನಿಂತ ಕೆಲಸವನ್ನು ಶಿಷ್ಯ ಮುಗಿಸುವುದು ಎರಡು ತಲೆಮಾರು ನಡೆಯಿತು. ಪ್ರಭಾವವೆಂದರೆ ಇದು ಎಂದು ನನಗನಿಸುತ್ತದೆ. ಸತ್ತ ಗುರುವಿನ ಸಾಲಿನಿಂದ ಮುಂದಿನ ಸಾಲನ್ನು ಬರೆಯಬಲ್ಲವನು ಇರುವುದು.

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಏಳುತ್ತದೆ. ರಾಷ್ಟ್ರಕೂಟರ ಅರಸ ಅಮೋಘವರ್ಷ ನೃಪತುಂಗ ಇಲ್ಲದಿದ್ದರೆ ಜಿನಸೇನರು ಇರುತ್ತಿದ್ದರೆ? ಅರಸೊತ್ತಿಗೆ ಕೊಟ್ಟ ನೆಮ್ಮದಿ ಇಲ್ಲದೆ ಲಕ್ಷಾಂತರ ಶ್ಲೋಕಗಳ ಕೆಲಸ ಸಾಗುತ್ತಿತ್ತೆ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನ ಅದು. ಅರಬ್ ವರ್ತಕ ಸುಲೈಮಾನ್ ರಾಷ್ಟ್ರಕೂಟ ದೊರೆಯನ್ನು ಜಗತ್ತಿನ ನಾಲ್ವರು ದೊಡ್ಡ ಅರಸರ ಸಾಲಿನಲ್ಲಿ ಸೇರಿಸಿದ ಕಾಲ ಅದು. ಮೂಡುಬಿದಿರೆಯಲ್ಲೂ ಹೀಗೆಯೇ. ಸಾವಿರ ಕಂಬದ ಬಸದಿಯೆಂದು ಹೆಸರಾದ ತ್ರಿಭುವನ ತಿಲಕ ಚೂಡಾಮಣಿ 1430ರಲ್ಲಿ ಎದ್ದದ್ದು ವಿಜಯನಗರದ ಎರಡನೆಯ ದೇವರಾಯನ ಆಳ್ವಿಕೆಯಲ್ಲಿ. ದಾರಿಯಲ್ಲಿ ಕಳ್ಳರ ಭಯವಿಲ್ಲದಿದ್ದರೆ ವ್ಯಾಪಾರ ನಡೆಯುತ್ತದೆ, ವ್ಯಾಪಾರ ನಡೆದರೆ ಬಸದಿ ಏಳುತ್ತದೆ, ಬಸದಿ ಎದ್ದರೆ ಪಂಡಿತರಿಗೆ ಕೂತು ಓದಲು ಜಾಗ ಸಿಗುತ್ತದೆ. ಇದನ್ನು ಒಪ್ಪದಿದ್ದರೆ ಇತಿಹಾಸಕ್ಕೆ ಅನ್ಯಾಯ ಮಾಡಿದಂತೆ.

ಆದರೆ ಆಶ್ರಯ ಕೊಟ್ಟ ಸಾಮ್ರಾಜ್ಯಕ್ಕೆ ಆ ವಿದ್ಯೆಯನ್ನು ತನ್ನ ಆಯುಷ್ಯದಾಚೆಗೆ ಒಯ್ಯುವ ಶಕ್ತಿ ಇರಲಿಲ್ಲ. ಜಿನಸೇನರ ನಂತರ ಒಂದೂವರೆ ಶತಮಾನ ತುಂಬುವ ಮೊದಲೇ, 972ರಲ್ಲಿ, ಪರಮಾರ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಮರುವರ್ಷವೇ ತೈಲಪನ ಕೈಯಲ್ಲಿ ರಾಷ್ಟ್ರಕೂಟರ ಆಳ್ವಿಕೆ ಮುಗಿಯಿತು. ಧವಲಾ ಉಳಿದದ್ದು ಅರಮನೆಯ ಭಂಡಾರದಿಂದಲ್ಲ. 12ನೆಯ ಶತಮಾನದಲ್ಲಿ ದೇಮಿಯಕ್ಕನೆಂಬ ಶ್ರಾವಕಿ ಅದನ್ನು ತಾಳೆಗರಿಗಳ ಮೇಲೆ ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ದಾನ ಮಾಡಿದಳು. ಭೂತಬಲಿಗಳ ಮಹಾಬಂಧವನ್ನು ಮಲ್ಲಿಕಬ್ಬೆ ಎಂಬಾಕೆ ತನ್ನ ವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಹಳೆಯ ಕನ್ನಡ ಲಿಪಿಯ ಆ ಓಲೆಗಳು, ನಡುವೆ ಬಣ್ಣದ ಚಿತ್ರಗಳಿರುವ ಗರಿಗಳ ಸಹಿತ, ಮೂಡುಬಿದಿರೆಗೆ ಬಂದು ಸೇರಿದವು. ಶ್ರವಣಬೆಳಗೊಳದಿಂದ ಸುರಕ್ಷತೆಗಾಗಿ ತರಲಾಯಿತೆಂದು ಪರಂಪರೆ ಹೇಳುತ್ತದೆ. ಸಾಮ್ರಾಜ್ಯದ ನೆರಳಲ್ಲಿ ಹುಟ್ಟಿದ ಗ್ರಂಥವನ್ನು ಸಾಮ್ರಾಜ್ಯ ಬಿದ್ದ ಮೇಲೆ ಎತ್ತಿ ಹಿಡಿದವರು ಇಬ್ಬರು ಹೆಣ್ಣುಮಕ್ಕಳು, ಹೆಸರು ತಿಳಿಯದ ಎಷ್ಟೋ ಲಿಪಿಕಾರರು ಮತ್ತು ಕರಾವಳಿಯ ಒಂದು ಸಣ್ಣ ಪೇಟೆಯ ಶ್ರಾವಕರು.

ಜಿನಸೇನರ ಆದಿಪುರಾಣದಲ್ಲಿ ಬರುವ ಸನ್ನಿವೇಶವೊಂದು ಇಲ್ಲಿ ನೆನಪಾಗಬೇಕು. ಪಂಪ ಅದನ್ನು ಕನ್ನಡಕ್ಕೂ ತಂದ. ಜಗತ್ತನ್ನೇ ಗೆದ್ದ ಭರತ ಚಕ್ರವರ್ತಿ ತನ್ನ ಹೆಸರು ಕೆತ್ತಿಸಲು ವೃಷಭಾಚಲಕ್ಕೆ ಹೋಗುತ್ತಾನೆ. ಅಲ್ಲಿ ಹಿಂದಿನ ಚಕ್ರವರ್ತಿಗಳ ಹೆಸರುಗಳು ತುಂಬಿ ಒಂದು ಸಾಲಿಗೂ ಜಾಗವಿಲ್ಲ. ಇನ್ನೊಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಬೇಕಾಗುತ್ತದೆ. ಸಾಮ್ರಾಟನೊಬ್ಬನ ಗೌರವಕ್ಕೆ ಪಾತ್ರರಾಗಿದ್ದ ಗುರು ಬರೆದ ಸನ್ನಿವೇಶವಿದು. ಅಧಿಕಾರದ ಹತ್ತಿರ ಕುಳಿತೂ ಅಧಿಕಾರದ ಮಿತಿಯನ್ನು ಅದಕ್ಕೇ ತೋರಿಸಿಕೊಡುವ ಧೈರ್ಯ ಇದ್ದದ್ದರಿಂದ ಜಿನಸೇನರು ಆಸ್ಥಾನದ ಅಲಂಕಾರವಾಗದೆ ಗುರುವಾಗಿ ಉಳಿದರು. ಮೂಡುಬಿದಿರೆಯವನೇ ಆದ ರತ್ನಾಕರವರ್ಣಿ ಏಳು ಶತಮಾನಗಳ ನಂತರ ಅದೇ ಭರತನನ್ನು ತೆಗೆದುಕೊಂಡು ಸಾಂಗತ್ಯದಲ್ಲಿ ಭರತೇಶ ವೈಭವ ಬರೆದ. ಅರಮನೆಯ ಭೋಗದ ನಡುವೆಯೂ ಯೋಗಿಯಾಗಿರಬಲ್ಲ ಅರಸನನ್ನು ಅವನು ಚಿತ್ರಿಸಿದ. ಜಿನಸೇನರ ಭರತನನ್ನು ಅವನು ಹಾಗೆಯೇ ನಕಲು ಮಾಡಲಿಲ್ಲ, ತನ್ನ ಕಾಲಕ್ಕೆ ತಕ್ಕಂತೆ ಬೇರೆ ಮಾಡಿದ. ಧರಸೇನರ ಪರೀಕ್ಷೆಯಲ್ಲಿ ಅವನೂ ತೇರ್ಗಡೆಯಾಗುತ್ತಿದ್ದ.

ಇನ್ನು ನನ್ನ ವಾದದ ಕಷ್ಟದ ಭಾಗ. ಮೂಡುಬಿದಿರೆಗೆ ಬಂದ ಓಲೆಗಳ ಮುಂದಿನ ಶತಮಾನಗಳು ನೆಮ್ಮದಿಯವೇನಲ್ಲ. ಕಟ್ಟುಗಳು ಉಳಿದವು, ಓದು ನಿಂತಿತು. ಗೃಹಸ್ಥರು ಸಿದ್ಧಾಂತ ಗ್ರಂಥಗಳನ್ನು ಓದಬಾರದೆಂಬ ಭಾವನೆ ಬಲವಾಗಿತ್ತು. ಆ ಹಳೆಯ ಲಿಪಿಯನ್ನು ಸರಾಗವಾಗಿ ಓದಬಲ್ಲವರು ವಿರಳವಾದರು. ಯಾತ್ರಿಕರು ಬರುತ್ತಿದ್ದರು, ರತ್ನದ ಪ್ರತಿಮೆಗಳ ಜೊತೆಗೆ ಓಲೆಗಳ ದರ್ಶನ ಪಡೆಯುತ್ತಿದ್ದರು, ಕಾಣಿಕೆ ಹಾಕಿ ಹೋಗುತ್ತಿದ್ದರು. ಒಳಗೆ ಏನು ಬರೆದಿದೆ ಎಂದು ಕೇಳುವವರಿರಲಿಲ್ಲ. ಕೇಳಿದ್ದರೂ ಹೇಳುವವರು ಸಿಗುತ್ತಿರಲಿಲ್ಲ. ಧರಸೇನರು ಯಾವುದಕ್ಕೆ ಅಂಜಿ ದಕ್ಷಿಣಕ್ಕೆ ಓಲೆ ಕಳಿಸಿದರೋ ಅದೇ ಗತಿ ಅವರ ವಿದ್ಯೆಗೆ ಒದಗಿತ್ತು.

ಪೂಜೆಯನ್ನು ಹಗುರವಾಗಿ ಕಾಣುವವನು ನಾನಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ತಾಳೆಗರಿ ಎಂಟುನೂರು ವರ್ಷ ಬದುಕುವುದು ಸಣ್ಣ ಸಂಗತಿಯಲ್ಲ. ತೇವ, ಗೆದ್ದಲು, ಬೆಂಕಿ, ಕಳವು, ಯುದ್ಧ ಇವೆಲ್ಲವನ್ನೂ ದಾಟಿ ಅವು ಉಳಿದದ್ದು ಜನ ಅವನ್ನು ದೇವರಂತೆ ಕಂಡದ್ದರಿಂದ. ಪೂಜೆ ಗರಿಯನ್ನು ಉಳಿಸಿತು. ಆದರೆ ಗರಿಯ ಮೇಲಿನ ಮಾತನ್ನು ಉಳಿಸುವ ಶಕ್ತಿ ಪೂಜೆಗಿರಲಿಲ್ಲ, ಅದಕ್ಕೆ ಪಾಠವೇ ಬೇಕಿತ್ತು.

ಪಾಠ ಮತ್ತೆ ಶುರುವಾದದ್ದು 19ನೆಯ ಶತಮಾನದ ಕೊನೆಗೆ. 1883ರಲ್ಲಿ ಯಾತ್ರೆಗೆ ಬಂದ ಮುಂಬಯಿಯ ಸೇಠ್ ಮಾಣಿಕಚಂದರು ಓಲೆಗಳನ್ನು ಕಂಡು, ಇವು ಹೀಗೇ ಹಾಳಾದರೆ ಗತಿಯೇನೆಂದು ಚಿಂತಿಸಿ, ಸೊಲ್ಲಾಪುರದ ಹಿರಾಚಂದ ನೇಮಚಂದರೊಡನೆ ಸೇರಿ ಪ್ರತಿ ಮಾಡಿಸುವ ಪ್ರಯತ್ನಕ್ಕೆ ತೊಡಗಿದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಆ ಲಿಪಿ ಬಲ್ಲವರಾಗಿದ್ದರು. ಅವರೂ ಗಜಪತಿ ಶಾಸ್ತ್ರಿಗಳೂ ಪ್ರತಿ ಮಾಡಲು ಕೂತರು. ವರ್ಷಗಟ್ಟಲೆ ಹಿಡಿದ ಕೆಲಸ ಅದು. ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡದಲ್ಲೂ ಒಂದು ಪ್ರತಿ ಮಾಡಿಕೊಂಡಿದ್ದರು. ಅದು ಗುಟ್ಟಾಗಿ ಹೊರಗೆ ಹೋಗಿ ಉತ್ತರದ ಸಹಾರನಪುರ ಸೇರಿತು. ಅಲ್ಲಿಂದ ಪ್ರತಿಗಳು ಹರಡಿದವು. ಮಹಾಬಂಧವನ್ನು ಮೂಡುಬಿದಿರೆಯ ಲೋಕನಾಥ ಶಾಸ್ತ್ರಿಗಳು ಪ್ರತಿ ಮಾಡಿದರು. 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ ಸಹಿತ ಷಟ್ಖಂಡಾಗಮದ ಮೊದಲ ಸಂಪುಟ ಅಚ್ಚಾಯಿತು. ಮುಂದಿನ ಸಂಪುಟಗಳಿಗೆ ಮೂಡುಬಿದಿರೆಯ ಭಟ್ಟಾರಕರೂ ಬಸದಿಯ ಹಿರಿಯರೂ ಮೂಲ ಓಲೆಗಳೊಡನೆ ಹೋಲಿಸಿ ನೋಡಲು ಅನುಮತಿ ಕೊಟ್ಟರು. ಹದಿನಾರು ಸಂಪುಟಗಳಲ್ಲಿ ಆ ಕೆಲಸ ಮುಗಿಯಿತು. ಅಚ್ಚಿಗೆ ಕೊಟ್ಟರೆ ಪಾವಿತ್ರ್ಯ ಹೋದೀತೆಂಬ ಅಂಜಿಕೆಯನ್ನು ಮೀರಿ ಅನುಮತಿ ಕೊಟ್ಟವರನ್ನು ನಾನು ಓಲೆ ಕಾಪಾಡಿದವರಷ್ಟೇ ಗೌರವದಿಂದ ನೆನೆಯುತ್ತೇನೆ.

ಓದದೆ ಇಟ್ಟುಕೊಂಡದ್ದರಿಂದ ಏನು ನಷ್ಟವಾಯಿತೆಂದು ಕೇಳುವವರಿಗೆ ಒಂದೇ ಉದಾಹರಣೆ ಸಾಕು. ಧವಲಾದಲ್ಲಿ ಜೀವರಾಶಿಗಳ ಎಣಿಕೆಯ ಸಂದರ್ಭದಲ್ಲಿ ಬಹುದೊಡ್ಡ ಸಂಖ್ಯೆಗಳ ಲೆಕ್ಕಾಚಾರ ಬರುತ್ತದೆ. ಅದರಲ್ಲಿ ಅರ್ಧಚ್ಛೇದ ಎಂಬ ಪರಿಕಲ್ಪನೆ ಇದೆ. ಒಂದು ಸಂಖ್ಯೆಯನ್ನು ಒಂದು ಉಳಿಯುವ ತನಕ ಎಷ್ಟು ಸಲ ಅರ್ಧ ಮಾಡಬಹುದು ಎಂಬ ಎಣಿಕೆ ಅದು. 32ನ್ನು ಅರ್ಧ ಮಾಡುತ್ತಾ ಹೋದರೆ 16, 8, 4, 2, 1. ಆದ್ದರಿಂದ 32ರ ಅರ್ಧಚ್ಛೇದ 5. ಇಂದಿನ ಗಣಿತ ಇದನ್ನು ಎರಡನ್ನು ಆಧಾರವಾಗಿಟ್ಟ ಲಾಗರಿದಮ್ ಎನ್ನುತ್ತದೆ. ಹೀಗೆಯೇ ಮೂರರಿಂದ, ನಾಲ್ಕರಿಂದ ಭಾಗಿಸುವ ಎಣಿಕೆಗಳೂ ಅಲ್ಲಿವೆ. ಲಖನೌದ ಗಣಿತಜ್ಞ ಎ.ಎನ್. ಸಿಂಗ್ ಇದನ್ನೆಲ್ಲ ವಿವರಿಸಿ ಬರೆದದ್ದು ಸಂಪುಟಗಳು ಅಚ್ಚಾಗತೊಡಗಿದ ಮೇಲೆ, 1940ರ ದಶಕದಲ್ಲಿ. ಅಷ್ಟರೊಳಗೆ ನೇಪಿಯರ್ ಲಾಗರಿದಮ್ ಕೋಷ್ಟಕ ಪ್ರಕಟಿಸಿ ಮುನ್ನೂರು ವರ್ಷಗಳಿಗೂ ಹೆಚ್ಚಾಗಿತ್ತು. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತೆಂದು ಬೀಗುವುದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ವೀರಸೇನರಲ್ಲಿ ಮೊಳೆತ ಆ ವಿಚಾರವನ್ನು ಮುಂದಕ್ಕೆ ಬೆಳೆಸುವ ಶಿಷ್ಯ ಮೂಡುಬಿದಿರೆಯಲ್ಲೋ ಶ್ರವಣಬೆಳಗೊಳದಲ್ಲೋ ಹುಟ್ಟಬಹುದಾಗಿತ್ತು. ಗ್ರಂಥವನ್ನು ಬಿಚ್ಚಿ ಎದುರಿಗಿಡದೆ ಹೋದದ್ದರಿಂದ ಆ ಸಾಧ್ಯತೆಯೇ ಮುಚ್ಚಿಹೋಯಿತು.

ತಾಳೆಗರಿಯ ಬದಲು ಕಲ್ಲಿನ ಮೇಲೆ ಬರೆದಿದ್ದರೆ ಬೇರೆಯಾಗುತ್ತಿತ್ತೆ? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಆಜ್ಞೆಯನ್ನು ಅದು ಸಾರುತ್ತದೆ. ಭಾರತದ ಅತಿದೊಡ್ಡ ಪ್ರಾಚೀನ ಸಾಮ್ರಾಜ್ಯದ ಒಡೆಯ ಗುರುವಿನ ಗೌರವವನ್ನು ಬಂಡೆಯ ಮೇಲೆ ಬರೆಯಿಸಿದ. ಬಂಡೆ ಅಲುಗಲಿಲ್ಲ, ಅಕ್ಷರ ಅಳಿಯಲಿಲ್ಲ. ಆದರೆ ಬ್ರಾಹ್ಮಿ ಲಿಪಿಯನ್ನು ಕಲಿಸುವ ಪರಂಪರೆ ಎಲ್ಲೋ ಕಡಿಯಿತು. ಆಮೇಲೆ ಶತಮಾನಗಟ್ಟಲೆ ಆ ಬಂಡೆಯ ಪಕ್ಕ ದನ ಮೇಯಿಸಿದವರಿಗೆ ಅದು ಬರಿಯ ಗೀರುಗಳು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗಂಟು ಬಿಡಿಸಿ, 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿಯ ಶಾಸನವನ್ನು ಬೆಳಕಿಗೆ ತಂದ ಮೇಲೆಯೇ ಅದು ಮತ್ತೆ ಮಾತಾಡಿತು. ಅಕ್ಷರ ಹೇಳಿಕೊಡುವ ಮೇಷ್ಟ್ರು ಇಲ್ಲವಾದರೆ ಚಕ್ರವರ್ತಿಯ ಆಜ್ಞೆಯೂ ಮೂಕವಾಗುತ್ತದೆ.

ವೇಣೂರಿನ ಗೊಮ್ಮಟನದ್ದು ಸ್ವಲ್ಪ ಬೇರೆ ಕಥೆ. 1565ರಲ್ಲಿ ವಿಜಯನಗರ ಕುಸಿಯಿತು. ನಲವತ್ತು ವರ್ಷ ತುಂಬುವುದರೊಳಗೆ, 1604ರಲ್ಲಿ, ಫಲ್ಗುಣಿ ನದಿಯ ದಂಡೆಯ ಈ ಪುಟ್ಟ ರಾಜ್ಯದಲ್ಲಿ ತಿಮ್ಮಣ್ಣ ಅಜಿಲರು 35 ಅಡಿಯ ಬಾಹುಬಲಿಯನ್ನು ನಿಲ್ಲಿಸಿದರು. ಬೆಳಗೊಳದ ಗುರು ಚಾರುಕೀರ್ತಿಗಳ ಮಾತಿನಂತೆ ನಿಲ್ಲಿಸಿದ್ದೆಂದು ಶಾಸನವೇ ಹೇಳುತ್ತದೆ. ಸಾಮ್ರಾಜ್ಯ ಬಿದ್ದರೂ ಗುರುವಿನ ಮಾತು ಸಣ್ಣ ಅರಸನ ಕೈಯಿಂದ ದೊಡ್ಡ ಕೆಲಸ ಮಾಡಿಸಿತು. ಆ ಮೂರ್ತಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. 2012ರಲ್ಲಿ ನಡೆಯಿತು, 2024ರಲ್ಲಿ ಮತ್ತೆ ನಡೆಯಿತು. ಗೆದ್ದ ರಾಜ್ಯವನ್ನು ಗೆದ್ದ ಕ್ಷಣದಲ್ಲೇ ಬಿಟ್ಟುಕೊಟ್ಟವನಿಗೆ ಹಾಲಿನ ಅಭಿಷೇಕ ಮಾಡುತ್ತೇವೆ. ಅಣ್ಣತಮ್ಮಂದಿರ ಪಾಲುಪಟ್ಟಿಯ ಜಗಳಗಳಿಂದ ಕೋರ್ಟಿನ ಕಟ್ಟೆ ಹತ್ತುವ ನಮ್ಮ ಸಮಾಜ ಆ ಪಾಠವನ್ನು ಎಷ್ಟು ಕಲಿತಿದೆ ಎಂಬ ಪ್ರಶ್ನೆಯನ್ನು ಅಭಿಷೇಕದ ಮರುದಿನವಾದರೂ ನಾವು ಕೇಳಿಕೊಳ್ಳಬೇಕು.

ಇನ್ನು ಬಂಟ್ವಾಳಕ್ಕೆ ಬರೋಣ. 1874ರಲ್ಲಿ ಅಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರಿಗೆ ಬಸದಿಯ ಆಶ್ರಯವೂ ಇರಲಿಲ್ಲ, ಅರಸರ ಆಸ್ಥಾನವೂ ಇರಲಿಲ್ಲ. ಅವರು ಬ್ರಿಟಿಷ್ ಸಾಮ್ರಾಜ್ಯದ ಶಿಕ್ಷಣ ಇಲಾಖೆಯ ನೌಕರರು. ಮಂಗಳೂರಿನಲ್ಲಿ ಅಧ್ಯಾಪಕರಾದರು, ಶಾಲೆಗಳ ಇನ್ಸ್‌ಪೆಕ್ಟರಾದರು, ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾದರು. ಸೂರ್ಯ ಮುಳುಗದ ಸಾಮ್ರಾಜ್ಯವೆಂದು ಹೇಳಿಕೊಳ್ಳುತ್ತಿದ್ದ ಆ ಆಡಳಿತಕ್ಕೆ ಬೇಕಿದ್ದದ್ದು ಗುಮಾಸ್ತರು. ಪಂಜೆಯವರು ಆ ಇಲಾಖೆಯ ಸಂಬಳ ಪಡೆಯುತ್ತಲೇ ಮಕ್ಕಳಿಗೆ ಕನ್ನಡವನ್ನು ಕೊಟ್ಟರು. ಹಾವು ಹೆಡೆಯಾಡಿಸುವುದನ್ನು, ಹುತ್ತರಿಯ ಸಂಭ್ರಮವನ್ನು ಮಕ್ಕಳ ನಾಲಿಗೆಗೆ ಒಗ್ಗುವ ಲಯದಲ್ಲಿ ಹಾಡಾಗಿಸಿದರು. ತುಳು ಪಾಡ್ದನದ ವೀರರಾದ ಕೋಟಿ ಚೆನ್ನಯರನ್ನು ಕನ್ನಡ ಗದ್ಯಕ್ಕೆ ತಂದರು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿದ್ದ ಕಥೆ ಹಾಗೆ ಪುಸ್ತಕದ ಪುಟಕ್ಕೂ ಬಂತು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ, 1937ರಲ್ಲಿ ತೀರಿಕೊಂಡರು. ಹತ್ತು ವರ್ಷಗಳಲ್ಲಿ ಅವರಿಗೆ ಸಂಬಳ ಕೊಟ್ಟ ಸಾಮ್ರಾಜ್ಯ ಗಂಟುಮೂಟೆ ಕಟ್ಟಿತು. ಅವರ ನಾಗರಹಾವಿನ ಹಾಡನ್ನು, ಕವಿ ಯಾರೆಂದು ತಿಳಿಯದ ಅಜ್ಜಿಯರೂ ಮೊಮ್ಮಕ್ಕಳಿಗೆ ಹೇಳಿಕೊಟ್ಟರು. ಹೆಸರು ಮರೆತರೂ ಪಾಠ ನಡೆಯುತ್ತಿರುವುದು ಗುರುವಿಗೆ ಸಲ್ಲಬಹುದಾದ ದೊಡ್ಡ ಗೌರವ. ಹೆಸರು ಉಳಿದು ಪಾಠ ಹೋದ ಸಿಂಹನಂದಿಯವರ ಸ್ಥಿತಿ ಇದಕ್ಕೆ ನೇರ ವಿರುದ್ಧ.

ಗುರುಪರಂಪರೆಯನ್ನು ಹೊಗಳುವಾಗ ಅದರ ಬಾಗಿಲು ಯಾರಿಗೆ ತೆರೆದಿತ್ತು ಎಂದೂ ಕೇಳಲೇಬೇಕು. ಗ್ರಂಥ ಬರೆಯಿಸಲು ಹಣ ಕೊಟ್ಟ ದೇಮಿಯಕ್ಕನಂಥ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ಆ ಗ್ರಂಥದ ಪಾಠ ಸಿಕ್ಕಿತು? ಗದ್ದೆಯಲ್ಲಿ ದುಡಿದು ಬಸದಿ, ಗುಡಿ, ಅರಮನೆಗಳಿಗೆ ಅಕ್ಕಿ ಹೊತ್ತು ಹಾಕಿದ ಜಾತಿಗಳಿಗೆ ಅಕ್ಷರದ ಮನೆಯೊಳಗೆ ಜಾಗವಿರಲಿಲ್ಲ. 1892ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಸ್ವಂತ ಜಾತಿಯವರಿಂದಲೇ ಬಹಿಷ್ಕಾರ ಎದುರಿಸಬೇಕಾಯಿತು. ಅವರು ಬರೆದ ಮಹಾಗ್ರಂಥ ಯಾವುದೂ ಇಲ್ಲ. ಆದರೆ ಆ ಶಾಲೆಯಿಂದ ಓದಿ ಹೊರಟವರ ಮಕ್ಕಳು, ಮೊಮ್ಮಕ್ಕಳು ಈ ಜಿಲ್ಲೆಯಲ್ಲಿದ್ದಾರೆ. ಮಹಾಗುರುಗಳ ಪಟ್ಟಿಯಲ್ಲಿ ವೀರಸೇನರ ಹೆಸರಿನ ಜೊತೆಗೆ ರಂಗರಾಯರ ಹೆಸರನ್ನೂ ಬರೆಯಲು ಹಿಂಜರಿಯಬೇಕಿಲ್ಲ. ಒಬ್ಬರು ವಿದ್ಯೆಯ ಆಳವನ್ನು ಹೆಚ್ಚಿಸಿದರು, ಇನ್ನೊಬ್ಬರು ಅಗಲವನ್ನು. ಅಗಲವಿಲ್ಲದ ಆಳ ಎಷ್ಟು ಅಪಾಯಕ್ಕೆ ಸಿಲುಕುತ್ತದೆಂಬುದಕ್ಕೆ ಧವಲಾದ ಕಥೆಯೇ ಸಾಕ್ಷಿ. ಓದಬಲ್ಲವರ ವಲಯ ಕಿರಿದಾಗುತ್ತ ಹೋಗಿ ಕೊನೆಗೆ ಒಬ್ಬಿಬ್ಬರ ಆಯುಷ್ಯದ ಮೇಲೆ ನಿಂತಿತ್ತು.

ಈ ಮಾತು ಹಳೆಯದಾಗಿಲ್ಲ. ಮೂಡುಬಿದಿರೆ, ಉಜಿರೆಗಳು ಇಂದು ನಾಡಿನ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬರುವ ವಿದ್ಯಾಕೇಂದ್ರಗಳು. ಬೇರೆ ಯಾವ ಕಾಲದಲ್ಲೂ ಇಷ್ಟು ಮಂದಿ ಓದುವವರು ಈ ನೆಲದಲ್ಲಿ ಒಟ್ಟಿಗೆ ಇದ್ದಿರಲಾರರು. ಅವರಲ್ಲಿ ಹೆಚ್ಚಿನವರು ಸಾವಿರ ಕಂಬದ ಬಸದಿಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಊರಿನ ಓಲೆಗಳಲ್ಲಿ ಲಾಗರಿದಮ್ ಇದೆಯೆಂದು ಗಣಿತದ ತರಗತಿಯಲ್ಲಿ ಅವರಿಗೆ ಹೇಳುವವರು ಬೇಕು. ಮೂಡುಬಿದಿರೆಯ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಹಿಂದೆಯೇ ಕನ್ನಡ ನಾಡಿನ ತಾಳೆಗರಿ ಗ್ರಂಥಗಳ ಸೂಚಿ ಸಿದ್ಧಪಡಿಸಿ 1948ರಲ್ಲಿ ಪ್ರಕಟಿಸಿದರು. ಮೂಡುಬಿದಿರೆಯ ರಮಾರಾಣಿ ಶೋಧ ಸಂಸ್ಥಾನದಲ್ಲಿ ಓಲೆಗಳ ದೊಡ್ಡ ಸಂಗ್ರಹವಿದೆ, ಧರ್ಮಸ್ಥಳದಲ್ಲೂ ಇದೆ. ಸಂಗ್ರಹ, ಸೂಚಿ, ಕಟ್ಟಡ ಎಲ್ಲವೂ ಇವೆ. ಹಳೆಯ ಕನ್ನಡ ಲಿಪಿಯನ್ನೂ ತುಳುನಾಡಿನ ಎಷ್ಟೋ ಓಲೆಗಳು ಬರೆಯಲ್ಪಟ್ಟ ತಿಗಳಾರಿ ಲಿಪಿಯನ್ನೂ ಓದಬಲ್ಲ ಇಪ್ಪತ್ತರ ಹರೆಯದವರು ಎಷ್ಟಿದ್ದಾರೆ ಎಂಬುದರ ಮೇಲೆ ಇವೆಲ್ಲದರ ಭವಿಷ್ಯ ನಿಂತಿದೆ. ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿಟ್ಟರೆ ಕೆಲಸ ಮುಗಿಯಿತೆನ್ನುವವರಿಗೆ ಬ್ರಹ್ಮಗಿರಿಯ ಬಂಡೆಯನ್ನು ನೆನಪಿಸಬೇಕು. ಅಳಿಯದ ಅಕ್ಷರವೂ ಓದುಗನಿಲ್ಲದೆ ಮೂಕವಾಗಿತ್ತು.

ಹಾಗಾಗಿ ಈ ಮೂರು ತಾಲೂಕುಗಳ ವಿದ್ಯಾಸಂಸ್ಥೆಗಳಲ್ಲಿ ನನ್ನದೊಂದು ನೇರವಾದ ಬೇಡಿಕೆ. ಪ್ರತಿ ಕಾಲೇಜು ವರ್ಷಕ್ಕೆ ಐದು ಮಂದಿಯನ್ನಾದರೂ ಓಲೆ ಓದಬಲ್ಲವರನ್ನಾಗಿ ತಯಾರು ಮಾಡಲಿ. ಕನ್ನಡ ವಿಭಾಗಕ್ಕೆ ಮಾತ್ರ ಈ ಕೆಲಸ ಬಿಡದೆ ಗಣಿತ, ಆಯುರ್ವೇದ, ಕಂಪ್ಯೂಟರ್ ವಿಭಾಗದ ಹುಡುಗ ಹುಡುಗಿಯರನ್ನೂ ಕೂರಿಸಲಿ. ಜಾತಿ, ಮತ, ಲಿಂಗ ಕೇಳದೆ ಓಲೆಯನ್ನು ಅವರ ಮುಂದೆ ಬಿಚ್ಚಲಿ. ಪ್ರಾಥಮಿಕ ಶಾಲೆಗಳಲ್ಲಿ ಪಂಜೆಯವರ ಹಾಡು ಭಿತ್ತಿಪತ್ರವಾಗಿ ಗೋಡೆಗಂಟದೆ ತರಗತಿಯಲ್ಲಿ ದನಿಯೆತ್ತಿ ಹಾಡುವ ಹಾಡಾಗಿಯೇ ಇರಲಿ. ಇದಕ್ಕೆ ಚಕ್ರವರ್ತಿ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಬಲ್ಲವನೊಬ್ಬ, ತಿದ್ದುವ ಧೈರ್ಯವಿರುವ ಇಬ್ಬರು ಶಿಷ್ಯರು, ಕುಳಿತುಕೊಳ್ಳಲು ಒಂದು ಜಾಗ ಇಷ್ಟರಲ್ಲೇ ಧರಸೇನರ ವಿದ್ಯೆ ಎರಡು ಸಾವಿರ ವರ್ಷ ನಡೆದು ಬಂದಿತು. ಇನ್ನು ಮುಂದೆ ಅದು ನಡೆಯುವುದೂ ನಿಲ್ಲುವುದೂ ಈ ನೆಲದ ಮೇಷ್ಟ್ರುಗಳ ಕೈಯಲ್ಲಿದೆ. ಗುರುಗಳು ಉಳಿದರೆ ಎಂಬ ಪ್ರಶ್ನೆಗೆ ಅವರು ತಮ್ಮ ತರಗತಿಯಲ್ಲೇ ಉತ್ತರ ಕೊಡಬೇಕು.